ಎಡಗೈಯ ಆಶೀರ್ವಾದ

ನಮ್ಮಣ್ಣ ಪಾದ್ರಿ ಅಯ್ಯನವರ ಬಲಗೈ ಮುರಿದದ್ದು ಗರಿಗಳ ಭಾನುವಾರ ಬೆಳಿಗ್ಗೆ, ಊರಿಗಾಂನ ಗಣಿ ಕಾರ್ಮಿಕರ ಲೈನುಮನೆಗಳ ನಡುವಿನ ಚರ್ಚಿನ ಗೇಟಿನ ಮುಂದೆ, ಇಡೀ ಸಭೆಯ ಕಣ್ಣೆದುರಿಗೆ. ಹೊಡೆದದ್ದು ಹಸು ಕಟ್ಟುವ ಕಬ್ಬಿಣದ ಗೂಟದಿಂದ. ಮೂರು ಏಟು. ಎಣಿಸಬೇಕೆಂದು ನಾನು ಎಣಿಸಿದ್ದಲ್ಲ. ಆ ಚರ್ಚಿನ ಆರಾಧನೆಯಲ್ಲಿ ಯಾವುದಾದ ಮೇಲೆ ಯಾವುದು ನಡೆಯುತ್ತದೆ ಎಂದು ನೋಡಿ ಬರೆದುಕೊಳ್ಳುವುದೇ ಎರಡು ವರ್ಷದಿಂದ ನನ್ನ ಕೆಲಸವಾಗಿತ್ತು. ಅವತ್ತೂ ಕೈಯಲ್ಲಿ ನೋಟ್‌ಬುಕ್ ಇತ್ತು, ಕಣ್ಣಿಗೆ ಅದೇ ಅಭ್ಯಾಸ.

ನಾವು ಕ್ರೈಸ್ತರಲ್ಲ. ಬಂಗಾರಪೇಟೆ ಪಕ್ಕದ ಹಳ್ಳಿಯವರು, ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುವ ಮನೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡ. ನನಗಿಂತ ಎಂಟು ವರ್ಷ ದೊಡ್ಡವನಾದ ಅಣ್ಣ ಅವತ್ತಿನಿಂದ ಕಾಲೇಜಿಗೆ ಹೋಗಲಿಲ್ಲ, ಕೊಟ್ಟಿಗೆಗೆ ಹೋದ. ನನ್ನನ್ನು ಓದಿಸಿದವನು ಅವನೇ. ನನ್ನನ್ನು ಹೊಡೆಯುತ್ತಿದ್ದವನೂ ಅವನೇ. ಕೋಪ ಬಂದರೆ ಅವನಿಗೆ ಎದುರಿಗಿರುವುದು ಮನುಷ್ಯನೋ ದನವೋ ತಿಳಿಯುತ್ತಿರಲಿಲ್ಲ. ಒದ್ದ ಹಸುವಿನ ಮೂತಿಗೆ ಚೊಂಬಿನಿಂದ ರಕ್ತ ಬರುವಂತೆ ಬಡಿದು, ಆಮೇಲೆ ಅರ್ಧ ಗಂಟೆ ಅದರ ಕುತ್ತಿಗೆ ತಬ್ಬಿ ನಿಂತಿದ್ದನ್ನು ನೋಡಿದ್ದೇನೆ.

ಎಂ.ಎ.ಗೆ ನಾನು ಕೇಳಿದ್ದು ಇತಿಹಾಸ. ಸೀಟು ಮುಗಿದಿತ್ತು. ಕೌಂಟರಿನ ಗುಮಾಸ್ತೆ, "ಕ್ರೈಸ್ತ ಅಧ್ಯಯನದಲ್ಲಿ ಖಾಲಿ ಇದೆ, ತಗೋತೀಯಾ?" ಎಂದರು. ತಗೊಂಡೆ. ಮನೆಯಲ್ಲಿ "ಇತಿಹಾಸವೇ ಸಿಕ್ತು" ಎಂದೆ. ಅದು ಪೂರ್ತಿ ಸುಳ್ಳಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆ ಸುಳ್ಳು ಹೇಳದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲವೇನೋ.

ಅಲ್ಲಿ ಆರಾಧನಾ ಶಾಸ್ತ್ರ ಎಂಬ ಒಂದು ಪತ್ರಿಕೆ ಇತ್ತು. ಚರ್ಚಿನಲ್ಲಿ ಜನ ಯಾವಾಗ ಏಳುತ್ತಾರೆ, ಯಾವಾಗ ಮಂಡಿಯೂರುತ್ತಾರೆ, ರೊಟ್ಟಿಯನ್ನು ಯಾಕೆ ಮುರಿಯುತ್ತಾರೆ, ಇವೆಲ್ಲ ಎಲ್ಲಿಂದ ಬಂದವು ಎಂದು ಕಲಿಸುವ ವಿಷಯ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲೊಂದು ಸಣ್ಣ ಸಂಗತಿ. ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನಕ್ಕೆ ಮೊದಲು ಸಭೆಯವರು ಒಬ್ಬರಿಗೊಬ್ಬರು ಸಮಾಧಾನ ಕೊಡಬೇಕು. ಜಗಳ ಮನಸ್ಸಿನಲ್ಲಿಟ್ಟುಕೊಂಡು ರೊಟ್ಟಿ ತಿನ್ನಬಾರದು. ಮೊದಲ ಶತಮಾನಗಳಲ್ಲಿ ಅದಕ್ಕಾಗಿ ಮುತ್ತು ಕೊಡುತ್ತಿದ್ದರು. ಆಮೇಲೆ ಯುರೋಪಿನಲ್ಲಿ ಮುತ್ತಿನ ಬದಲು ಒಂದು ಸಣ್ಣ ಹಲಗೆ ಬಂತು. ಪಾದ್ರಿ ಅದಕ್ಕೆ ಮುತ್ತಿಟ್ಟು ಜನರ ನಡುವೆ ದಾಟಿಸುತ್ತಿದ್ದ. ಯಾರು ಮೊದಲು ಮುತ್ತಿಡಬೇಕು ಎಂದು ಊರ ದೊಡ್ಡವರು ಬಡಿದಾಡಿದರು. ತನಗೆ ಮೊದಲು ಕೊಡಲಿಲ್ಲವೆಂದು ಒಬ್ಬ ಅದೇ ಹಲಗೆಯನ್ನು ಚರ್ಚಿನ ಗುಮಾಸ್ತನ ತಲೆಗೆ ಬಡಿದು ಒಡೆದನಂತೆ. ಪಾಠ ಕೇಳಿ ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಪಿಎಚ್.ಡಿ.ಗೆ ಆ ಸಮಾಧಾನವನ್ನೇ ಆರಿಸಿಕೊಂಡೆ. ಗಣಿ ಕಾರ್ಮಿಕರ ಒಂದು ಚರ್ಚಿನಲ್ಲಿ ಅದು ಇವತ್ತು ಹೇಗೆ ನಡೆಯುತ್ತದೆ ಎಂಬುದು ನನ್ನ ವಿಷಯ.

ಹಾಗಾಗಿ ಪ್ರತಿ ಭಾನುವಾರ ಬಂಗಾರಪೇಟೆಯಿಂದ ಮಾರಿಕುಪ್ಪಂ ಪ್ಯಾಸೆಂಜರ್ ಹತ್ತಿ ಊರಿಗಾಂನಲ್ಲಿ ಇಳಿಯುತ್ತಿದ್ದೆ. ಬೆಳಿಗ್ಗೆ ತಮಿಳು ಆರಾಧನೆ, ಅದು ಮುಗಿದ ಮೇಲೆ ಕನ್ನಡದ್ದು. ಪಾದ್ರಿಯನ್ನು ಅಲ್ಲಿ ಎಲ್ಲರೂ ಅಯ್ಯ ಎನ್ನುತ್ತಾರೆ. ಅವರು ಗಣಿ ಕಾರ್ಮಿಕನ ಮಗ, ಐವತ್ತು ದಾಟಿದವರು, ಸಿಡುಕ. ಮೊದಲ ದಿನ ನನ್ನ ಕಾಗದಗಳನ್ನು ನೋಡಿ, "ಬರಕೋಮ್ಮಾ. ಆದ್ರೆ ನಮ್ಮನ್ನ ಸತ್ತೋರ ಥರ ಬರೀಬೇಡ" ಎಂದರು. ಹಿಂದಿನ ಬೆಂಚಿನಲ್ಲಿ ಜಾಗ ಕೊಟ್ಟರು. ಪಕ್ಕದಲ್ಲಿ ಒಬ್ಬ ನಿವೃತ್ತ ಕಾರ್ಮಿಕರು ಕೂರುತ್ತಿದ್ದರು, ನಾನು ಅವರನ್ನು ತಾತ ಎನ್ನುತ್ತಿದ್ದೆ. ಕಲ್ಲಿನ ಧೂಳು ಕುಡಿದ ಎದೆ, ಎರಡು ಮಾತಿಗೊಂದು ಕೆಮ್ಮು. ಸಮಾಧಾನ ಕೊಡುವುದು ಹೇಗೆಂದು ಕಲಿಸಿದವರು ಅವರೇ. ಅಲ್ಲಿ ಮುತ್ತೂ ಇಲ್ಲ, ಹಲಗೆಯೂ ಇಲ್ಲ. ಅಯ್ಯ ಪೀಠದಿಂದ ಇಳಿದು ಬಂದು, ಜೋಡಿಸಿದ ಕೈಗಳನ್ನು ತಮ್ಮ ಎರಡು ಅಂಗೈಗಳ ನಡುವೆ ಹಿಡಿದು "ಸಮಾಧಾನ" ಎನ್ನುತ್ತಾರೆ. ಹಾಗೆ ಪಡೆದವರು ಪಕ್ಕದವರ ಕೈ ಹಿಡಿದು ದಾಟಿಸುತ್ತಾರೆ. ಆ ಕಾರ್ಮಿಕರ ಅಂಗೈ ಉಪ್ಪುಕಾಗದದಂತಿತ್ತು. "ನೀ ನಮ್ಮೋಳಲ್ಲ, ಪರವಾಗಿಲ್ಲ. ಕೈಗೇನು ಜಾತಿ?" ಎಂದಿದ್ದರು.

ಒಂದು ಭಾನುವಾರ ಅಯ್ಯ ಹಿಂದಿನ ಬೆಂಚಿನವರೆಗೂ ಬಂದು ನನಗೇ ಸಮಾಧಾನ ಕೊಟ್ಟರು. ಯಾರೋ ಫೋನಿನಲ್ಲಿ ಹಿಡಿದು ಎಲ್ಲರಿಗೂ ಕಾಣುವಂತೆ ಹಾಕಿದರು. ಅದು ಫೋನಿನಿಂದ ಫೋನಿಗೆ ಹಾರಿ ನಮ್ಮೂರ ಡೈರಿಗೆ ಬಂತು. ಹಾಲು ಅಳೆಯುವ ಹೊತ್ತಿನಲ್ಲಿ ಒಬ್ಬ ಅದನ್ನು ಅಣ್ಣನ ಮೂಗಿನ ಹತ್ತಿರ ಹಿಡಿದು, "ನೋಡ್ಲಾ, ನಿನ್ ತಂಗಿ ಕೈನ ಪಾದ್ರಿ ಇಡ್ಕಂಡವ್ನೆ" ಎಂದನಂತೆ. ಅಲ್ಲಿದ್ದವರು ನಕ್ಕರಂತೆ. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಆ ಭಾನುವಾರ ನಾನು ಎಂದಿನಂತೆ ರೈಲು ಹತ್ತಿದ್ದೆ.

ಉಪವಾಸ ಕಾಲದ ಕೊನೆಯ ಭಾನುವಾರ ಅದು. ಯೇಸು ಕತ್ತೆಯ ಮೇಲೆ ಜೆರುಸಲೇಮಿಗೆ ಬಂದ ನೆನಪಿಗೆ ಜನ ಎಳೆಯ ತೆಂಗಿನ ಗರಿ ಹಿಡಿದು, ಹಾಡುತ್ತಾ ಲೈನುಗಳನ್ನು ಸುತ್ತಿ ಚರ್ಚಿಗೆ ಬರುತ್ತಾರೆ. ಮುಂದೆ ಶಿಲುಬೆ, ಅದರ ಹಿಂದೆ ಬಿಳಿ ನಿಲುವಂಗಿಯ ಅಯ್ಯ, ಹಿಂದೆ ಹೆಂಗಸರು ಗಂಡಸರು. ಗೇಟಿನ ಹತ್ತಿರ ಮೆರವಣಿಗೆ ನಿಧಾನವಾಯಿತು. ಆಗ ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಕಡೆಯ ರಸ್ತೆಯಿಂದ ಅಣ್ಣನ ಬೈಕು ಬಂತು. ಎರಡೂ ಕಡೆ ಖಾಲಿ ಹಾಲಿನ ಕ್ಯಾನುಗಳು ಬಡಿದಾಡುತ್ತಿದ್ದವು. ಅವನು ಬೈಕಿಗೆ ಸ್ಟ್ಯಾಂಡ್ ಹಾಕಿದ. ಅಷ್ಟು ನಿಧಾನವಾಗಿ ಹಾಕಿದ್ದನ್ನು ನೋಡಿ ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದಾನೆ, ಅಮ್ಮನಿಗೇನೋ ಆಗಿದೆ ಎಂದುಕೊಂಡೆ. ಅವನು ಚೀಲದಿಂದ ಗೂಟ ತೆಗೆದ.

"ಯಾವನ್ಲಾ ಅವ್ನು, ನನ್ ತಂಗಿ ಕೈ ಇಡ್ದೋನು?"

ಅಯ್ಯ ಮುಂದೆ ಬಂದರು. "ಯಾರಪ್ಪ ನೀನು? ಏನ್ ಬೇಕು?"

ಮೊದಲ ಏಟು ತಲೆಗೆ ಬಂತು. ಅವರು ಗರಿ ಹಿಡಿದ ಬಲಗೈಯನ್ನು ಅಡ್ಡ ಎತ್ತಿದರು. ಒದ್ದೆ ಬಟ್ಟೆಯನ್ನು ಒಗೆಯುವ ಕಲ್ಲಿಗೆ ಬಡಿದಂಥ ಸದ್ದು. ಎರಡನೆಯದು ಮೊಣಕೈಗೆ. ಅವರು ಗೇಟಿನ ಕಲ್ಲುಕಂಬಕ್ಕೆ ಒರಗಿ ಕೆಳಗೆ ಜಾರಿದರು, ಆ ಕೈ ಮೆಟ್ಟಿಲ ಮೇಲೆ ಬಿದ್ದಿತ್ತು. ಅಣ್ಣ ಅದನ್ನು ನೋಡಿದ, ಗುರಿ ನೋಡಿದ, ಮೂರನೆಯದನ್ನು ಮಣಿಕಟ್ಟಿನ ಮೇಲೆ ಹಾಕಿದ. ಮೊದಲೆರಡು ಏಟು ಕೋಪದವು ಎಂದು ಕೋರ್ಟಿನಲ್ಲಿ ಯಾರಾದರೂ ವಾದಿಸಬಹುದು. ಮೂರನೆಯದು ಹಾಗಲ್ಲ. ನಾನು ನೋಡಿದ್ದೇನೆ.

"ಅಣ್ಣಾ!" ಎಂದು ಓಡಿದೆ. ಅವನು ನನ್ನ ಜಡೆಗೆ ಕೈ ಹಾಕಿ ಬೈಕಿನ ಕಡೆಗೆ ಎಳೆದ. ಬಿದ್ದೆ. ಬಿದ್ದವಳನ್ನೂ ಬಿಡದೆ ಜಲ್ಲಿಯ ಮೇಲೆ ಎಳೆದುಕೊಂಡೇ ಹೋದ. "ನಡಿಯೇ ಮನೇಗೆ, ಇಸ್ಟರಿ ಓದ್ತೀನಿ ಅಂದ್ಯಲ್ಲೇ, ಇದೇನೇ ಇಸ್ಟರಿ?" ಕೆನ್ನೆಯ ಚರ್ಮ ಜಲ್ಲಿಗೆ ಅಂಟಿಕೊಂಡಂತಾಯಿತು.

ಆಮೇಲೆ ಗಂಡಸರು ಅವನ ಮೇಲೆ ಬಿದ್ದರು. ಗರಿಯ ದಂಟಿನಿಂದ ಹೊಡೆದರು, ಬ್ಯಾನರಿನ ಬೊಂಬಿನಿಂದ ಹೊಡೆದರು, ಹಾಲಿನ ಕ್ಯಾನು ಕಿತ್ತು ಅದರಿಂದಲೇ ಮುಖಕ್ಕೆ ಹೊಡೆದರು. ಎಲ್ಲರ ಮುಖವೂ ನನಗೆ ಪರಿಚಯ. ಯಾರು ಯಾವ ಬೆಂಚಿನಲ್ಲಿ ಕೂರುತ್ತಾರೆ, ಯಾರು ಯಾರಿಗೆ ಸಮಾಧಾನ ದಾಟಿಸುತ್ತಾರೆ ಎಂದು ನಕ್ಷೆ ಬರೆದುಕೊಂಡಿದ್ದೆ. ನನ್ನ ಬೆಂಚಿನ ತಾತನೂ ಅಲ್ಲಿದ್ದರು. ಅಣ್ಣ ಆಗಲೇ ನೆಲಕ್ಕೆ ಬಿದ್ದಿದ್ದ. ಇಬ್ಬರು ಅವನ ಕಾಲನ್ನು ಎಳೆದು ನೆಟ್ಟಗೆ ಹಿಡಿದರು. ತಾತ ಮಂಡಿಯ ಮೇಲೆ ತುಳಿದರು, ಒಮ್ಮೆಯಲ್ಲ. ಕೆಮ್ಮು ಬಂತು, ಬಗ್ಗಿ ಕೆಮ್ಮಿದರು, ಉಗುಳಿದರು, ಮತ್ತೆ ತುಳಿದರು. ಕಂಬಕ್ಕೆ ಒರಗಿದ್ದ ಅಯ್ಯ ತಮಿಳಿನಲ್ಲಿ ಕೂಗುತ್ತಿದ್ದರು, ಬಿಡ್ರೋ, ಸತ್ತುಹೋಗ್ತಾನೆ ಬಿಡ್ರೋ ಎಂದು. ಯಾರಿಗೂ ಕೇಳಿಸಲಿಲ್ಲ. ಅವರನ್ನು ನಿಲ್ಲಿಸಿದವರು ಯಾರೂ ಇಲ್ಲ. ಸುಸ್ತಾಗಿ ಅವರೇ ನಿಂತರು.

ಬಂದದ್ದು ಒಂದೇ ಆಂಬುಲೆನ್ಸು. ಇಬ್ಬರನ್ನೂ ಅದರಲ್ಲೇ ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಗೆ ಸಾಗಿಸಿದರು. ನಡುವೆ ನಾನು ಕೂತೆ. ಒಂದು ಕಡೆ ಅಯ್ಯ ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ದರು. ಇನ್ನೊಂದು ಕಡೆ ಅಣ್ಣ ಬಾಯಲ್ಲಿ ರಕ್ತ ತುಂಬಿಕೊಂಡೇ ಬೈಯುತ್ತಿದ್ದ. ಪ್ರತಿ ಹಳ್ಳಕ್ಕೂ ಇಬ್ಬರೂ ಒಟ್ಟಿಗೆ ಕಿರುಚುತ್ತಿದ್ದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಯ್ಯನವರ ಹೆಂಡತಿ ನನ್ನ ಹತ್ತಿರ ಬಂದರು. ಭಾನುವಾರಗಳಲ್ಲಿ ಅವರ ಮನೆಯಲ್ಲೇ ನನಗೆ ಊಟ. ಸಾರಿನಲ್ಲಿ ಮೀನಿದ್ದರೆ ಮೊದಲೇ ಹೇಳಿ ನನಗೆ ಬೇರೆ ಬಡಿಸುತ್ತಿದ್ದ ಹೆಂಗಸು. ಹತ್ತಿರ ಬಂದು, "ಎಲ್ಲಾ ನಿನ್ನಿಂದ್ಲೇ" ಎಂದು ಕೆನ್ನೆಗೆ ಹೊಡೆದರು. ಕೈಯಲ್ಲಿ ಚರ್ಚಿನ ಬೀಗದ ಕೈಗೊಂಚಲಿತ್ತು. ತುಟಿ ಸೀಳಿತು. ಇನ್ನೊಂದು ಹೊಡೆದರು. ನಾನು ಮುಖ ತಿರುಗಿಸಲಿಲ್ಲ. ಮೂರನೆಯ ಸಲ ಕೈ ಎತ್ತಿದವರು ಹಾಗೇ ಕುಸಿದು ಕೂತರು. ನರ್ಸು ಬಂದು ನನ್ನ ತುಟಿಗೆ ಹತ್ತಿ ಒತ್ತಿದಳು.

ಮನೆಗೆ ಬಂದರೆ ನನ್ನ ಪುಸ್ತಕಗಳು ಒಳಗೆಲ್ಲೂ ಇರಲಿಲ್ಲ. ಅಮ್ಮ ಅವನ್ನೆಲ್ಲ ಕೊಟ್ಟಿಗೆ ಹಿಂದಿನ ತಿಪ್ಪೆಗುಂಡಿಗೆ ಎಸೆದಿದ್ದಳು. ಪೊರಕೆ ತಿರುಗಿಸಿ ಹಿಡಿದು ಹಿಡಿಯಿಂದ ಬೆನ್ನಿಗೆ ಬಾರಿಸಿದಳು. "ನಿನ್ ಓದಿಗೆ ಬೆಂಕಿ ಬೀಳ. ನನ್ ಮಗನ್ನ ಕುಂಟನ್ನ ಮಾಡ್ಬುಟ್ಯಲ್ಲೇ!" ಹೊಡೆಸಿಕೊಂಡೆ. ಅವಳು ಒಳಗೆ ಹೋದ ಮೇಲೆ ಗುಂಡಿಗಿಳಿದು ಒಂದೊಂದೇ ಪುಸ್ತಕ ತೆಗೆದೆ. ಎರಡು ವರ್ಷದ ನೋಟ್‌ಬುಕ್ಕುಗಳು ಗಂಜಲದಲ್ಲಿ ನೆನೆದು ಶಾಯಿ ಹರಡಿದ್ದವು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅದನ್ನು ಬಿಟ್ಟರೆ ನಾನೊಬ್ಬಳೇ ಏಟು ತಿಂದವಳಂತೆ ಕಾಣುತ್ತದೆ. ಅಣ್ಣನ ಮಂಡಿಗೆ ಆಪರೇಷನ್ ಆಗಿ ಕಾಲಿಗೆ ಪಟ್ಟಿ ಹಾಕಿದ್ದರು. ಬಾಗಿಲಲ್ಲಿ ಒಬ್ಬ ಪೊಲೀಸ್ ಪೇದೆ ಕೂತಿದ್ದ. ಐದನೆಯ ದಿನವೋ ಆರನೆಯ ದಿನವೋ ನಾನು ಮುದ್ದೆ ಸಾರು ತಗೊಂಡು ಹೋದೆ. ಅಣ್ಣನಿಗೆ ವಿವರಿಸಲು ನೋಡಿದೆ. ಅದು ಮತಾಂತರವಲ್ಲ, ಅದು ಆರಾಧನೆಯ ಒಂದು ಭಾಗ, ಸಭೆಯಲ್ಲಿ ಎಲ್ಲರೂ ಎಲ್ಲರ ಕೈಯನ್ನೂ ಹಿಡಿಯುತ್ತಾರೆ ಎಂದೆ. ಅವನು ಸೂರು ನೋಡುತ್ತಾ ಕೇಳಿಸಿಕೊಂಡ.

"ಮುಗೀತಾ? ಇನ್ನೊಂದು ಕೈನೂ ಮುರೀಬೇಕಾಗಿತ್ತು ಕಣೇ. ಟೈಮ್ ಸಿಗ್ನಿಲ್ಲ."

ನಾನು ಮುಷ್ಟಿ ಕಟ್ಟಿ ಅವನ ಮಂಡಿಯ ಮೇಲೆ ಗುದ್ದಿದೆ. ಅವನು ಕೂಗಿದ ಕೂಗಿಗೆ ಪೇದೆ ಎದ್ದು ಬಂದ. ಅಷ್ಟರಲ್ಲಿ ಇನ್ನೊಂದು ಸಲ ಗುದ್ದಿದ್ದೆ. ಹೊಡೆಯುವಾಗ ಮೈಯೆಲ್ಲ ಹಗುರವಾದಂತಿತ್ತು, ಅದನ್ನು ಮರೆಯಲು ಆಗಿಲ್ಲ. ಆ ತಾತನಿಗೆ ತುಳಿಯುವಾಗ ಏನಾಗಿತ್ತೋ ನನಗೂ ಅದೇ ಆಗಿತ್ತು. ಅವನು ನನ್ನ ಅಣ್ಣ, ನೋವಿನಿಂದ ಉಸಿರು ಸಿಕ್ಕಿಕೊಂಡು ಬಾಯಿ ತೆರೆದಿದ್ದ. ನಾನು ಊಟದ ಡಬ್ಬಿ ಅಲ್ಲೇ ಬಿಟ್ಟು ಹೊರಗೆ ಬಂದೆ.

ಎರಡೂ ಕಡೆಯಿಂದ ದೂರು ದಾಖಲಾಯಿತು. ಅಣ್ಣ ಜಾಮೀನಿನ ಮೇಲೆ ಮನೆಗೆ ಬಂದ. ನಾವು ಯಾವತ್ತೂ ನೋಡಿರದ ಕೆಲವರು ಕಾರಿನಲ್ಲಿ ಬಂದು, ಧರ್ಮ ಕಾಪಾಡಿದೆ ಎಂದು ಅಣ್ಣನಿಗೆ ಹಾರ ಹಾಕಿ, ಕ್ಯಾಮೆರಾ ಮುಂದೆ ಮಾತಾಡು ಎಂದರು. ಅಮ್ಮ ಸಗಣಿ ಬಾಚುವ ಸಲಿಕೆ ತಗೊಂಡು ಬಂದಳು. "ಅವ್ನು ಸಾಯ್ತಾ ಬಿದ್ದಿದ್ದಾಗ ಎಲ್ಲಿದ್ರಲಾ ನೀವು? ಈಚೆಗೆ ನಡೀರಿ!" ಕಾರಿನ ಬಾಗಿಲಿಗೆ ಸಲಿಕೆ ಬಿತ್ತು. ಅವರು ಮತ್ತೆ ಬರಲಿಲ್ಲ. ಅಮ್ಮ ಹರಿದ ಹಾರವನ್ನು ಹಸುವಿಗೆ ಹಾಕಿದಳು.

ಅಣ್ಣನಿಗೆ ಮಂಡಿ ಮಡಿಸಿ ಕೂರಲಾಗದು. ಕೂರದೆ ಹಾಲು ಕರೆಯುವುದು ಹೇಗೆ? ಆ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಸಂಜೆ ಕರೆಯುವುದು, ನಡುವೆ ತಿಪ್ಪೆಯಿಂದ ಎತ್ತಿದ ನೋಟ್‌ಬುಕ್ಕುಗಳಲ್ಲಿ ಉಳಿದಿದ್ದನ್ನು ಮತ್ತೆ ಬರೆಯುವುದು. ಚರ್ಚಿಗೆ ಹೋಗಲಿಲ್ಲ. ಹೋಗುವ ಮುಖವಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಅಯ್ಯನವರ ಫೋನು ಬಂತು.

"ನೀನು ಓದಿದೀಯಲ್ಲ, ಹೇಳು. ಎಡಗೈಯಲ್ಲಿ ಆಶೀರ್ವಾದ ಮಾಡಬಾರದು ಅಂತ ಎಲ್ಲಾದರೂ ಬರೆದಿದೆಯಾ?"

ಅವರ ಬಲಗೈ ವಕ್ರವಾಗಿ ಕೂಡಿತ್ತು. ಎದೆಗಿಂತ ಮೇಲೆ ಏಳುತ್ತಿರಲಿಲ್ಲ, ಬೆರಳು ಮಡಿಯುತ್ತಿರಲಿಲ್ಲ. ಪೀಠಕ್ಕೆ ಮರಳಿದ ಮೊದಲ ಭಾನುವಾರ, ಆರಾಧನೆಯ ಕೊನೆಗೆ ಅವರು ಎಡಗೈ ಎತ್ತಿ ಆಶೀರ್ವದಿಸಿದರು. ಜನ ತಲೆ ಬಾಗಿಸಲಿಲ್ಲ, ಒಬ್ಬರನ್ನೊಬ್ಬರು ನೋಡಿಕೊಂಡರು. ಮುಂದಿನ ಭಾನುವಾರ ಕರ್ತನ ಭೋಜನದಲ್ಲಿ ಎಡಗೈಯಿಂದ ರೊಟ್ಟಿ ಕೊಡಲು ಹೋದರೆ ಒಬ್ಬ ಮುದುಕಿ ಕೈ ಹಿಂದಕ್ಕೆ ತೆಗೆದುಕೊಂಡು ಎದ್ದುಹೋದಳು. ಅವಳ ಹಿಂದೆ ಎರಡು ಸಾಲು ಎದ್ದುಹೋಯಿತು. ಈಗ ಕಮಿಟಿ ಸಭೆ ಕರೆದಿದ್ದಾರಂತೆ, ಬೇರೆ ಅಯ್ಯನನ್ನು ಕೊಡಿ ಎಂದು ಮೇಲಿನವರಿಗೆ ಬರೆಯುತ್ತಾರಂತೆ.

"ನಾನು ಬರಬಹುದಾ, ಅಯ್ಯಾ?"

"ಬರ್ಲಿ ಅಂತ್ಲೇ ಫೋನ್ ಮಾಡಿದ್ದು. ನನ್ನ ಹೆಂಡತಿ ಮನೇಲಿರ್ತಾಳೆ. ಅವಳ ಎದುರಿಗೆ ಮಾತ್ರ ಬರಬೇಡ."

ಒಂದು ವಾರ ಓದಿದೆ. ಸಿಕ್ಕಿದ್ದು ಒಂದೇ ಉತ್ತರವಾಗಿರಲಿಲ್ಲ. ಮೋಶೆಯ ಕಾಲದ ನಿಯಮದಲ್ಲಿ ಅಂಗಹೀನನಾದ ಯಾಜಕ ಬಲಿಪೀಠದ ಹತ್ತಿರ ಬರುವಂತಿಲ್ಲ. ಮೊದಲ ಶತಮಾನಗಳ ಕ್ರೈಸ್ತ ಸಭೆ ಅದನ್ನು ತಿರುಗಿಸಿ ಹಾಕಿತು. ದೊರೆಗಳು ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲ ಮುಗಿದು ಬಿಷಪ್ಪರು ಮೊದಲ ದೊಡ್ಡ ಸಭೆ ಸೇರಿದಾಗ ಕಣ್ಣು ಕಿತ್ತವರು, ಕಾಲಿನ ನರ ಸುಟ್ಟವರು ಬಂದಿದ್ದರಂತೆ. ಒಬ್ಬನ ಎರಡೂ ಕೈ ಕಾದ ಕಬ್ಬಿಣದಿಂದ ಸತ್ತುಹೋಗಿದ್ದವಂತೆ. ದೇಹದ ಕುಂದು ಯಾರನ್ನೂ ಅಪವಿತ್ರ ಮಾಡದು ಎಂಬ ನಿಯಮವೂ ಬಂತು. ಆದರೆ ಶತಮಾನಗಳು ಕಳೆದ ಮೇಲೆ ಅದೇ ಕ್ರೈಸ್ತ ಸಭೆ, ಹೆಬ್ಬೆರಳು ತೋರುಬೆರಳು ನೆಟ್ಟಗಿಲ್ಲದವನು ರೊಟ್ಟಿ ಎತ್ತಬಾರದು ಎಂದಿತು. ಇತಿಹಾಸ ಎರಡೂ ಕಡೆಗೆ ಸಾಕ್ಷಿ ಹೇಳುತ್ತಿತ್ತು. ಬೇಕಾದ ಅರ್ಧವನ್ನು ಮಾತ್ರ ಹೇಳಿಬಿಡಲೇ ಎಂದು ಯೋಚಿಸಿದೆ. ಒಮ್ಮೆ ಅರ್ಧ ಹೇಳಿ ಏನಾಯಿತೆಂದು ನೋಡಿದ್ದೆ. ಪೂರ್ತಿ ಹೇಳುವುದೆಂದು ನಿರ್ಧರಿಸಿದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಪಕ್ಕದ ಕೊಠಡಿಯಲ್ಲಿ ಸಭೆ. ನನ್ನ ಬೆಂಚಿನ ತಾತನೂ ಕಮಿಟಿಯಲ್ಲಿದ್ದರು. ಎಡಗೈ ಬೇಡವೆಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವರು ಅವರೇ. ನನ್ನನ್ನು ನೋಡಿದ್ದೇ ಎದ್ದು ನಿಂತರು. ಎದ್ದುಹೋಗಿದ್ದ ಮುದುಕಿ ಬಾಗಿಲ ಹತ್ತಿರ ಕೂತಿದ್ದಳು.

ಮುದುಕಿಯೇ ಮೊದಲು ಮಾತಾಡಿದಳು. "ಅಯ್ಯ ಒಳ್ಳೇವ್ರೇ. ಆದ್ರೆ ಅನ್ನ ತಿನ್ನೋದು ಬಲಗೈ, ಕಕ್ಕಸಿಗೋದ್ರೆ ತೊಳ್ಯೋದು ಪೀಚಾಂಕೈ. ಆ ಎಡಗೈಯಿಂದ ಕರ್ತನ ರೊಟ್ಟಿ ತಗೋ ಅಂದ್ರೆ ನನ್ ಕೈ ಮುಂದಕ್ಕೆ ಬರಲ್ಲಪ್ಪ."

ನಾನು ಓದಿದ್ದನ್ನೆಲ್ಲ ಹೇಳಿದೆ, ಪರವಾಗಿ ಇದ್ದದ್ದು, ವಿರುದ್ಧವಾಗಿ ಇದ್ದದ್ದು. ಸುಟ್ಟ ಕೈಗಳವನ ಮಾತು ಬಂದಾಗ ಇಬ್ಬರು ಮೂವರು ನನ್ನ ಕಡೆ ಬಗ್ಗಿ ಕೇಳಿಸಿಕೊಂಡರು. ಮುಗಿಸುವಷ್ಟರಲ್ಲಿ ತಾತ ಮೇಜು ಗುದ್ದಿದರು.

"ಕೈ ಮುರಿದವನ ತಂಗಿ ಬಂದು ನಮಗೆ ಪಾಠ ಹೇಳೋದಾ? ಥೂ!"

"ಹೇಳ್ತೀನಿ" ಎಂದೆ. ನನ್ನ ದನಿ ಅಣ್ಣನ ದನಿಯಂತೆ ಕೇಳಿಸಿತು. "ನೀವೂ ಒಂದು ಹೇಳಿ, ತಾತ. ನಮ್ಮಣ್ಣನ ಮಂಡಿ ತುಳಿದದ್ದು ನಿಮ್ಮ ಎಡಗಾಲೋ, ಬಲಗಾಲೋ? ಅದೇ ಕಾಲಲ್ಲಿ ನಡಕೊಂಡು ಹೋಗಿ ಪ್ರತಿ ತಿಂಗಳು ರೊಟ್ಟಿ ತಗೋತಿದೀರಲ್ಲ!"

ಅವರು ಕುರ್ಚಿ ಎತ್ತಿ ಎಸೆದರು. ಅದು ನನ್ನ ಪಕ್ಕದ ಗೋಡೆಗೆ ಬಿದ್ದು ಕಾಲು ಮುರಿಯಿತು. ಮೇಲೆ ಬೀಳಲು ಬಂದವರನ್ನು ಇಬ್ಬರು ಸೊಂಟಕ್ಕೆ ಹಿಡಿದರು. ಯಾರೋ ನನ್ನನ್ನು ಹೊರಗೆ ತಳ್ಳಿ ಎಂದರು. ಇನ್ಯಾರೋ ಅವರಿಗೆ ಹೊಡೆದರು. ಕೊಠಡಿ ತುಂಬ ಕೈಗಳು. ಗೇಟಿನ ಮುಂದಿನದೇ ಮತ್ತೆ ಶುರುವಾಯಿತು ಎಂದುಕೊಂಡೆ.

ಆಗ ಅಯ್ಯ ಒದರಿದರು. ಅವರು ಅಷ್ಟು ಜೋರಾಗಿ ಕೂಗಬಲ್ಲರೆಂದು ನನಗೆ ಗೊತ್ತಿರಲಿಲ್ಲ.

"ಕೇಳಿ! ಆಸ್ಪತ್ರೆಯಲ್ಲಿ ಮಲಗಿದ್ದಾಗ ದಿನಾ ನಾನು ಅವನನ್ನ ಕೊಂದೆ. ಅದೇ ಗೂಟ ತಗೊಂಡು, ತಲೆ ಮೇಲೆ. ನಿನ್ನೆನೂ ಕೊಂದೆ. ಆ ಮನಸ್ಸು ಇಟ್ಕೊಂಡು ಪೀಠದ ಹತ್ತಿರ ನಿಂತು ನಿಮಗೆಲ್ಲ ಸಮಾಧಾನ ಅಂದೆ, ಅದನ್ನ ಯಾರೂ ಕೇಳಲಿಲ್ಲ. ಕೈ ಯಾವುದು ಅಂತ ಕೇಳಿದ್ರಿ. ನನ್ನನ್ನ ಕಳಿಸೋದಾದ್ರೆ ಅದಕ್ಕೆ ಕಳಿಸಿ. ಎಡಗೈಗೆ ಕಳಿಸಬೇಡಿ."

ತಾತ ಹಿಡಿದವರನ್ನು ಕೊಡವಿಕೊಂಡು ಕೆಮ್ಮುತ್ತಾ ಹೊರಗೆ ಹೋದರು. ಆಮೇಲೆ ಅವರೂ ಕೆಲವು ಕುಟುಂಬದವರೂ ಬೇರೆ ಪ್ರಾರ್ಥನಾ ಮನೆಗೆ ಸೇರಿಕೊಂಡರು. ಒಮ್ಮೆ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಎದುರಾದರು. ಮುಖ ತಿರುಗಿಸಿದರು. ನಾನೂ ತಿರುಗಿಸಿದೆ.

ಕೊಠಡಿಯಲ್ಲಿ ಉಳಿದವರು ಬಿದ್ದ ಕುರ್ಚಿಗಳನ್ನು ಎತ್ತಿಟ್ಟು ಕೂತರು. ಕೊನೆಗೆ ಮುದುಕಿ ಕೇಳಿದಳು, "ರೊಟ್ಟಿ ತಟ್ಟೆನಾದ್ರೂ ಬಲಗೈಲಿ ಇಡ್ಕೊಳಕ್ಕಾಗುತ್ತಾ?" ಅಯ್ಯ ಅಲ್ಲಿದ್ದ ಟೀ ತಟ್ಟೆಯನ್ನು ಬಲಗೈ ಮೇಲೆ ಇಟ್ಟುಕೊಂಡರು. ಕೈ ನಡುಗಿತು, ಎದೆಗೆ ಒತ್ತಿಕೊಂಡಾಗ ನಿಂತಿತು. "ಆಗಾದ್ರೆ ಅಂಗೇ ಇಡ್ಕೊಂಡು ಬನ್ನಿ. ನೀವು ಕೊಡ್ಬೇಡಿ. ನಾವೇ ತಗೋತೀವಿ" ಎಂದಳು.

ಅವತ್ತಿನಿಂದ ಆ ಚರ್ಚಿನಲ್ಲಿ ಹಾಗೇ. ಅಯ್ಯ ತಟ್ಟೆಯನ್ನು ಎದೆಗೊತ್ತಿಕೊಂಡು ಸಾಲಿನುದ್ದಕ್ಕೂ ಬರುತ್ತಾರೆ, ಜನ ತಾವೇ ರೊಟ್ಟಿ ಎತ್ತಿಕೊಳ್ಳುತ್ತಾರೆ. ಕೊನೆಯ ಆಶೀರ್ವಾದ ಎಡಗೈಯಿಂದ. ಸ್ವಲ್ಪ ವರ್ಷ ಕಳೆದ ಮೇಲೆ ನನ್ನಂಥವಳೊಬ್ಬಳು ನೋಟ್‌ಬುಕ್ ಹಿಡಿದು ಬಂದು ಇದೇಕೆ ಹೀಗೆ ಎಂದು ಕೇಳಿದರೆ, ದೇವರ ಕೃಪೆಯನ್ನು ನಾವೇ ಕೈಚಾಚಿ ಪಡೆಯಬೇಕು ಎಂದು ಯಾರಾದರೂ ಅರ್ಥ ಹೇಳುತ್ತಾರೆ. ಅರ್ಥ ಆಮೇಲೆ ಬರುತ್ತದೆ. ಮೊದಲು ಬಂದದ್ದು ಗೂಟ. ಇದನ್ನು ಪ್ರಬಂಧದಲ್ಲಿ ಬರೆದೆ. ನನ್ನ ಮಾರ್ಗದರ್ಶಕರು ಓದಿ, "ಇದು ಆರಾಧನೆಯಲ್ಲ, ಪೊಲೀಸ್ ಕೇಸು. ತೆಗೆದುಬಿಡು" ಎಂದರು. ತೆಗೆಯಲಿಲ್ಲ. ಅವರು ಸಹಿ ಹಾಕಲು ಎರಡು ತಿಂಗಳು ತಡ ಮಾಡಿದರು, ಹಾಕಿದರು.

ಕೇಸು ಬಹಳ ದಿನ ಎಳೆಯಿತು. ಸಾಕ್ಷಿಗಳು ಏನೂ ನೋಡಿಲ್ಲ ಎಂದರು, ಎರಡೂ ಕಡೆಯವರೂ. ಕೊನೆಗೆ ವಕೀಲರು ರಾಜಿ ಪತ್ರ ಸಿದ್ಧಮಾಡಿದರು. ವಕೀಲರ ಕೊಠಡಿಗೆ ಅಣ್ಣನನ್ನು ಬೈಕಿನಲ್ಲಿ ನಾನೇ ಕರೆದುಕೊಂಡು ಹೋದೆ. ಅಯ್ಯ ಆಗಲೇ ಬಂದು ಕೂತಿದ್ದರು, ಪಕ್ಕದಲ್ಲಿ ಅವರ ಹೆಂಡತಿ. ಆಕೆ ನನ್ನನ್ನು ನೋಡಲಿಲ್ಲ. ಅಯ್ಯ ಎಡಗೈಯಲ್ಲಿ ಪೆನ್ನು ಹಿಡಿದು ಮಕ್ಕಳಂತೆ ಒಂದೊಂದೇ ಅಕ್ಷರ ಬರೆದು ಸಹಿ ಮಾಡಿದರು. ಅಣ್ಣ ನಿಂತೇ ನೋಡುತ್ತಿದ್ದ.

"ಕೈ ಮೇಲಕ್ಕೆ ಬರಾಕಿಲ್ವಾ?" ಎಂದ.

"ಇಲ್ಲ."

"ನನ್ಗೂ ಕುಂತ್ಕಳಾಕೆ ಆಗಾಕಿಲ್ಲ."

ಇಷ್ಟೇ ಮಾತು. ಅಣ್ಣ ಕ್ಷಮಿಸಿ ಎನ್ನಲಿಲ್ಲ, ಅವರೂ ಕ್ಷಮಿಸಿದೆ ಎನ್ನಲಿಲ್ಲ. ಅಣ್ಣನೂ ಸಹಿ ಹಾಕಿ ಪೆನ್ನು ಮೇಜಿನ ಮೇಲಿಟ್ಟ, ಇಬ್ಬರೂ ಬೇರೆ ಬೇರೆ ಬಾಗಿಲಿಂದ ಹೊರಟರು.

ವಾಪಸು ಬರುವಾಗ ಬಂಗಾರಪೇಟೆ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಬೈಕು ನಿಲ್ಲಿಸಿದೆ. ಅಣ್ಣ ಹಿಂದಿನ ಸೀಟಿನಲ್ಲಿ ಕಾಲು ನೆಟ್ಟಗೆ ಚಾಚಿ ಕೂತಿದ್ದ.

"ಬರೋ ಬಾನ್ವಾರ ಓಯ್ತೀಯೇನೆ ಅಲ್ಲಿಗೆ?"

"ಓಯ್ತೀನಿ."

ನನ್ನ ಬೆನ್ನು ತಾನಾಗಿ ಬಿಗಿಯಿತು, ಏಟಿಗೆ ಕಾದು. ರೈಲು ಸದ್ದು ಮಾಡುತ್ತಾ ದಾಟಿಹೋಯಿತು. ಗೇಟು ಎತ್ತಿದರು, ಹಿಂದಿನ ಲಾರಿಯವನು ಹಾರ್ನ್ ಹೊಡೆದ.

"ಹಾಲ್ ಕರ್ದು ಓಗು" ಎಂದ ಅಣ್ಣ. "ಕೆಂಪು ಹಸ ಬ್ಯಾರೆಯೋರು ಕರ್ಯಾಕೋದ್ರೆ ಒದೀತದೆ."